ಓದುಗರ ಪ್ರಶ್ನೆ, ನಮ್ಮ ಉತ್ತರ: ಬೈಕಿನ ಸೀಟು ಮೆತ್ತಗಿದ್ದರೆ ಸಾಕೇ?

ಪ್ರಶ್ನೆ: ಮಾನ್ಯರೇ, ನಾನು ಮಂಡ್ಯದವನು, ವಯಸ್ಸು 44. ಮೂರು ವರ್ಷಗಳ ಹಿಂದೆ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೊಂಡೆ. ಕೆಲಸಕ್ಕಾಗಿ ದಿನವೂ ಮೈಸೂರಿಗೆ ಹೋಗಿ ಬರುತ್ತೇನೆ. ತಿಂಗಳಿಗೊಮ್ಮೆ ಗೆಳೆಯರ ಜೊತೆ ಮಡಿಕೇರಿಗೋ ಊಟಿಗೋ ಹೋಗುವ ರೂಢಿಯೂ ಇದೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಕೂತ ಜಾಗದಲ್ಲಿ ನೋವು ಶುರುವಾಗಿ, ಮೈಸೂರು ತಲುಪಿದಾಗ ಗಾಡಿಯಿಂದ ಇಳಿದು ನೆಟ್ಟಗೆ ನಿಲ್ಲಲು ಒಂದು ನಿಮಿಷ ಬೇಕಾಗುತ್ತದೆ. ಕಂಪನಿಯವರೇ ಬಿಡಿಯಾಗಿ ಮಾರುವ ಟೂರಿಂಗ್ ಸೀಟು, ಇರುವ ಸೀಟಿನ ಮೇಲೆ ಕಟ್ಟಿಕೊಳ್ಳುವ ಜೆಲ್ ಪ್ಯಾಡ್, ಗಾಳಿ ತುಂಬುವ ಕುಶನ್ ಎಂಬ ಮೂರು ದಾರಿಗಳು ಕಾಣುತ್ತಿವೆ. ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದಾಗ ಜೆಲ್ ಪ್ಯಾಡೇ ಎಲ್ಲಕ್ಕಿಂತ ಮೆತ್ತಗಿತ್ತು. ಅದನ್ನೇ ಕೊಳ್ಳಲೇ?

ಉತ್ತರ: ಮೆತ್ತಗಿದೆ ಎಂಬ ಒಂದೇ ಕಾರಣಕ್ಕೆ ಕೊಳ್ಳಬೇಡಿ. ಅಂಗೈಯಿಂದ ಒತ್ತಿದಾಗ ಸೀಟಿನ ಮೇಲೆ ಬೀಳುವ ಭಾರ ಕೆಲವೇ ಕಿಲೋಗಳಷ್ಟು; ಕೂತಾಗ ಬೀಳುವುದು ನಿಮ್ಮ ಮೈತೂಕದ ಬಹುಪಾಲು. ಕೈಗೆ ಹಿತವೆನಿಸಿದ ಫೋಮ್ ಆ ಭಾರಕ್ಕೆ ಪೂರ್ತಿ ಕುಸಿದುಹೋದರೆ ನೀವು ಕೂತಿರುವುದು ಅದರ ಕೆಳಗಿನ ಗಟ್ಟಿ ತಟ್ಟೆಯ ಮೇಲೆಯೇ ಹೊರತು ಫೋಮಿನ ಮೇಲಲ್ಲ. ಮೊದಲ ಹತ್ತು ನಿಮಿಷ ಸ್ವರ್ಗವೆನಿಸಿ ನಲವತ್ತನೆಯ ನಿಮಿಷಕ್ಕೆ ನರಕವಾಗುವ ಸೀಟುಗಳು ಬಹುಮಟ್ಟಿಗೆ ಹೀಗೆ ಅತಿಯಾಗಿ ಮೆತ್ತಗಿರುವಂಥವೇ.

ನೋವು ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯೋಣ. ಕೂತಾಗ ನಮ್ಮ ಭಾರವನ್ನು ಹೊರಬೇಕಾದುದು ಸೊಂಟದ ಎಲುಬಿನ ಕೆಳತುದಿಯಲ್ಲಿರುವ ಎರಡು ಗುಬಟುಗಳು. ಗಟ್ಟಿ ಹಲಗೆಯ ಮೇಲೆ ಅಂಗೈಗಳನ್ನು ಕೆಳಗಿಟ್ಟುಕೊಂಡು ಕೂತರೆ ಅವು ಕೈಗೆ ಸಿಗುತ್ತವೆ. ಅಲೆಅಲೆಯಾದ ಒಳಪದರವಿರುವ ರಟ್ಟಿನ ತುಂಡನ್ನು ಮರದ ಕುರ್ಚಿಯ ಮೇಲಿಟ್ಟು, ಅದರ ಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಒಂದೆರಡು ನಿಮಿಷ ಕೂತು ಎದ್ದರೆ ರಟ್ಟಿನಲ್ಲಿ ಎರಡು ತಗ್ಗುಗಳು ಮೂಡಿರುತ್ತವೆ. ಅವುಗಳ ನಡುವಿನ ಅಂತರವನ್ನು ಅಳೆಯಿರಿ. ಸಾಮಾನ್ಯವಾಗಿ ಅದು 10ರಿಂದ 14 ಸೆಂ.ಮೀ. ಇರುತ್ತದೆ, ಹೆಂಗಸರಲ್ಲಿ ಸರಾಸರಿ ಸ್ವಲ್ಪ ಹೆಚ್ಚು. ಸೈಕಲ್ ಸೀಟು ಆರಿಸುವವರು ಬಳಸುವ ಈ ಉಪಾಯ ನಮಗೂ ಒದಗುತ್ತದೆ. ಏಕೆಂದರೆ ಬೈಕಿನ ಸೀಟಿನಲ್ಲಿ ನೀವು ಕೂರುವ ಜಾಗವು ಆ ಎರಡು ಗುಬಟುಗಳನ್ನೂ ಅವುಗಳ ಆಚೆಗೆ ತೊಡೆಯ ಸ್ವಲ್ಪ ಭಾಗವನ್ನೂ ಸಮತಟ್ಟಾಗಿ ಹೊರುವಷ್ಟು ಅಗಲವಾಗಿರಬೇಕು. ಅಗಲ ಸಾಲದಿದ್ದರೆ ಅಥವಾ ಸೀಟಿನ ನಡುಭಾಗ ಉಬ್ಬಿ ಎರಡು ಪಕ್ಕ ಇಳಿಜಾರಾಗಿದ್ದರೆ, ಭಾರವು ಗುಬಟುಗಳ ಬದಲು ಅವುಗಳ ನಡುವಿನ ಮೆದು ಭಾಗಕ್ಕೆ ಬಿದ್ದು ಅಲ್ಲಿನ ನರಗಳು ಒತ್ತಿಹೋಗಿ ಜೋಮು ಹಿಡಿಯುತ್ತದೆ. ನೋವಿಗಿಂತ ಜೋಮು ಕೆಟ್ಟದ್ದು. ಗಾಡಿಯಿಂದ ಇಳಿದ ಮೇಲೂ ಅದು ಬಹಳ ಹೊತ್ತು ಉಳಿದರೆ ಸೀಟಿನ ಅಂಗಡಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕು.

ಇನ್ನು ಫೋಮಿನ ವಿಷಯ. ಅಂಗಡಿಯವರು 'ಹೈ ಡೆನ್ಸಿಟಿ' ಎಂದೊಡನೆ ಗಟ್ಟಿ ಫೋಮ್ ಎಂದು ನಾವು ತಿಳಿಯುತ್ತೇವೆ. ಸಾಂದ್ರತೆ ಬೇರೆ, ಗಡಸುತನ ಬೇರೆ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು ಸಾಂದ್ರತೆ, ಅದನ್ನು ಅಮುಕಲು ಎಷ್ಟು ಬಲ ಬೇಕು ಎಂಬುದು ಗಡಸುತನ. ಸಾಂದ್ರತೆ ಹೆಚ್ಚಿದ್ದೂ ಮೆತ್ತಗಿರುವ ಫೋಮ್ ಇರುತ್ತದೆ. ಸಾಂದ್ರತೆ ಕಡಿಮೆಯಿದ್ದರೂ ಕೈಗೆ ಗಟ್ಟಿಯೆನಿಸುವ ಫೋಮ್ ಕೂಡ ಸಿಗುತ್ತದೆ, ಆದರೆ ಅದು ಒಂದೆರಡು ವರ್ಷದಲ್ಲಿ ಚಪ್ಪಟೆಯಾಗಿ ಮತ್ತೆ ಮೇಲೇಳುವುದಿಲ್ಲ. ಸೀಟು ಎಷ್ಟು ಕಾಲ ಬಾಳುತ್ತದೆ ಎಂಬುದು ಸಾಂದ್ರತೆಯಿಂದಲೂ, ನಿಮ್ಮ ತೂಕಕ್ಕೆ ಹೊಂದುತ್ತದೆಯೇ ಎಂಬುದು ಗಡಸುತನದಿಂದಲೂ ತೀರ್ಮಾನವಾಗುತ್ತದೆ. ಆದ್ದರಿಂದಲೇ 60 ಕಿಲೋ ತೂಗುವ ಗೆಳೆಯ ಹೊಗಳಿದ ಸೀಟು 90 ಕಿಲೋ ತೂಗುವವರಿಗೆ ಒಗ್ಗದೇ ಹೋಗಬಹುದು. ನೀವು ತೂಕವನ್ನು ಬರೆದಿಲ್ಲ. ಅಂಗಡಿಯಲ್ಲಿ ಅದನ್ನು ಮುಚ್ಚಿಡದೆ ಹೇಳಿ.

ಫೋಮಿಗಿಂತಲೂ ಹೆಚ್ಚು ಗಮನ ಕೊಡಬೇಕಾದುದು ಸೀಟಿನ ಆಕಾರಕ್ಕೆ. ಟ್ಯಾಂಕಿನ ಕಡೆಗೆ ಇಳಿಜಾರಾಗಿರುವ ಸೀಟಿನಲ್ಲಿ ಪ್ರತಿ ಬ್ರೇಕಿಗೂ ಸವಾರ ಮುಂದಕ್ಕೆ ಜಾರುತ್ತಾನೆ, ತೋಳುಗಳಿಂದ ಹ್ಯಾಂಡಲ್ಲನ್ನು ತಳ್ಳಿ ಹಿಂದಕ್ಕೆ ಸರಿಯುತ್ತಾನೆ, ಮತ್ತೆ ಜಾರುತ್ತಾನೆ. ಸಂಜೆಗೆ ಭುಜ ನೋಯುತ್ತದೆ, ನಾವು ಹ್ಯಾಂಡಲ್ಲನ್ನು ಬೈಯುತ್ತೇವೆ. ಇದಕ್ಕೆ ವಿರುದ್ಧವಾಗಿ ಬಟ್ಟಲಿನಂತೆ ಗುಳಿ ಬಿದ್ದಿರುವ ಸೀಟು ಮೊದಲ ನೋಟಕ್ಕೆ ನಿಮ್ಮ ಅಳತೆಗೇ ಮಾಡಿದಂತೆ ಕಂಡರೂ ಇಡೀ ದಿನ ಒಂದೇ ಭಂಗಿಯಲ್ಲಿ ಕೂರಿಸಿಬಿಡುತ್ತದೆ. ದೂರದ ಪ್ರಯಾಣದಲ್ಲಿ ಆಗಾಗ ಒಂದಿಷ್ಟು ಹಿಂದಕ್ಕೆ, ಒಂದಿಷ್ಟು ಮುಂದಕ್ಕೆ ಸರಿಯಲು ಅವಕಾಶ ಕೊಡುವ, ಹೆಚ್ಚು ಕಡಿಮೆ ಸಮತಟ್ಟಾದ ಸೀಟೇ ನನ್ನ ಆಯ್ಕೆ. ಈ ಮಾತನ್ನು ಎಲ್ಲರೂ ಒಪ್ಪುವುದಿಲ್ಲ; ಸೊಂಟಕ್ಕೆ ಹಿಂದಿನಿಂದ ಆಸರೆ ಬೇಕೆನ್ನುವವರಿಗೆ ಗುಳಿ ಇರುವ ಸೀಟೇ ಹಿತ.

ನಿಮ್ಮ ಮೂರು ದಾರಿಗಳಿಗೆ ಬರುತ್ತೇನೆ. ಜೆಲ್ ಎನ್ನುವುದು ಕುಗ್ಗುವ ವಸ್ತುವಲ್ಲ, ಭಾರ ಬಿದ್ದ ಕಡೆಯಿಂದ ಪಕ್ಕಕ್ಕೆ ಸರಿಯುವ ವಸ್ತು. ಆದ್ದರಿಂದ ಒತ್ತಡವನ್ನು ಹಂಚುವುದರಲ್ಲಿ ಅದು ಒಳ್ಳೆಯದೇ, ಆದರೆ ರಸ್ತೆಯ ಹೊಡೆತವನ್ನು ನುಂಗುವುದರಲ್ಲಿ ಫೋಮಿನ ಸಮಕ್ಕೆ ಬರುವುದಿಲ್ಲ. ಮೇಲಾಗಿ ಅದು ಬಿಸಿಲಿನ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ವರ್ಷಗಳ ಹಿಂದೆ ನಾನೂ ನಿಮ್ಮಂತೆ ಒತ್ತಿ ನೋಡಿ ಒಂದು ಜೆಲ್ ಪ್ಯಾಡ್ ಕೊಂಡು, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ ಊಟ ಮುಗಿಸಿ ಬಂದು ಕೂತವನು ಕೂತಷ್ಟೇ ವೇಗವಾಗಿ ಎದ್ದೆ. ದೋಸೆಯ ಕಾವಲಿಗೂ ಅದಕ್ಕೂ ವ್ಯತ್ಯಾಸವಿರಲಿಲ್ಲ. ಮಾರಿದವರು ಈ ಮಾತನ್ನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಜೆಲ್ಲನ್ನು ಬಳಸುವುದೇ ಆದರೆ ತೆಳುವಾದ ಹಾಳೆಯಾಗಿ ಫೋಮಿನ ಒಳಗೆ, ಮೇಲೆ ಇನ್ನೊಂದು ಫೋಮ್ ಪದರವನ್ನು ಹೊದಿಸಿ ಕೂರಿಸಬೇಕು.

ಗಾಳಿ ಕುಶನ್ನನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಹುಪಾಲು ಜನ ಅದಕ್ಕೆ ಟ್ಯೂಬಿಗೆ ಹೊಡೆದಂತೆ ಗಾಳಿ ಹೊಡೆದು, ಚೆಂಡಿನ ಮೇಲೆ ಕೂತವರಂತೆ ತೊನೆದಾಡುತ್ತಾರೆ. ಗಾಳಿ ತುಂಬಿ, ಅದರ ಮೇಲೆ ಕೂತು, ನಿಮ್ಮ ಮೂಳೆಗೂ ಸೀಟಿಗೂ ನಡುವೆ ಬೆರಳಿನಷ್ಟು ಅಂತರ ಉಳಿಯುವ ತನಕ ಗಾಳಿಯನ್ನು ಬಿಟ್ಟುಕೊಂಡು ಬರಬೇಕು. ಮಡಿಕೇರಿಯ ತಿರುವುಗಳಲ್ಲಿ ಗಾಡಿಗೂ ಮೈಗೂ ಇರುವ ಸಂಪರ್ಕ ಕೊಂಚ ಸಡಿಲವಾದಂತೆ ತೋರುತ್ತದೆ ಎಂಬುದು ಅದರ ದೋಷ. ಅದು ಸೀಟಿನ ಎತ್ತರವನ್ನೂ ಹೆಚ್ಚಿಸುತ್ತದೆ. ನಿಮ್ಮ ಗಾಡಿಯ ಸೀಟು ನೆಲದಿಂದ 805 ಮಿ.ಮೀ. ಎತ್ತರದಲ್ಲಿದೆ, ಪ್ಯಾಡ್ ಹಾಕಿದ ಮೇಲೂ ಎರಡು ಪಾದಗಳೂ ಭದ್ರವಾಗಿ ಊರುತ್ತವೆಯೇ ಎಂದು ನೋಡಿಕೊಳ್ಳಿ.

ಕಂಪನಿಯ ಟೂರಿಂಗ್ ಸೀಟಿನ ದೊಡ್ಡ ಅನುಕೂಲವೆಂದರೆ ತಟ್ಟೆ, ಕೊಂಡಿ, ರಬ್ಬರ್ ಬುಷ್ ಎಲ್ಲವೂ ನಿಮ್ಮ ಗಾಡಿಗೆ ಸರಿಯಾಗಿ ಕೂರುತ್ತವೆ. ನಿಮ್ಮ ಗಾಡಿಯದೇ ಮಾದರಿಗೆ, ಅದೇ ವರ್ಷದ ಗಾಡಿಗೆ ಮಾಡಿದ್ದೇ ಎಂದು ಖಚಿತಪಡಿಸಿಕೊಳ್ಳಿ, ಏಕೆಂದರೆ 2021ರಲ್ಲಿ ಹೊಸದಾಗಿ ಬಂದ ಕ್ಲಾಸಿಕ್‌ಗೂ ಅದರ ಹಿಂದಿನದಕ್ಕೂ ಚಾಸಿಯೇ ಬೇರೆ. ಗೆಳೆಯರಲ್ಲಿ ಯಾರದಾದರೂ ಗಾಡಿಗೆ ಆ ಸೀಟು ಇದ್ದರೆ ಒಂದು ಬೆಳಿಗ್ಗೆ ಅದನ್ನು ಕೇಳಿ ಪಡೆದು ಮೈಸೂರಿನ ತನಕ ಓಡಿಸಿ ನೋಡಿ. ಶೋರೂಮಿನಲ್ಲಿ ಐದು ನಿಮಿಷ ಕೂತರೆ ಯಾವ ಸೀಟಿನ ಬಣ್ಣವೂ ಬಯಲಾಗುವುದಿಲ್ಲ; ಕನಿಷ್ಠ ಅರ್ಧ ಗಂಟೆ ಬೇಕು.

ನೀವು ಹೆಸರಿಸದ ನಾಲ್ಕನೆಯ ದಾರಿಯೊಂದಿದೆ, ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಅದನ್ನೇ ಹಿಡಿಯುತ್ತಿದ್ದೆ. ಇರುವ ಸೀಟನ್ನೇ ಒಳ್ಳೆಯ ಕುಶನ್ ಕೆಲಸದವರಲ್ಲಿ ಮತ್ತೆ ಕಟ್ಟಿಸುವುದು. ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಆಟೋ ಸೀಟು, ಬಸ್ ಸೀಟು ಮಾಡಿಕೊಂಡು ಬಂದ ಹಳೆಯ ಕೈಗಳಿವೆ, ಅವರಿಗೆ ಭಾರದ ಲೆಕ್ಕ ಬಾಯಿಪಾಠ. ನೀವು ಹೇಳಬೇಕಾದುದು ಇಷ್ಟು. ಗುಬಟುಗಳು ಊರುವ ಜಾಗದಲ್ಲಿ ಕಂಪನಿಯ ಫೋಮನ್ನು ಕತ್ತರಿಸಿ ತೆಗೆದು ಅಲ್ಲಿ ರೀಬಾಂಡೆಡ್ ಫೋಮ್, ಅಂದರೆ ಚೂರುಗಳನ್ನು ಒತ್ತಿ ಅಂಟಿಸಿ ಮಾಡಿದ, ಘನ ಮೀಟರಿಗೆ 80ರಿಂದ 120 ಕಿಲೋ ತೂಗುವ ಗಟ್ಟಿ ಫೋಮ್ ಕೂರಿಸಬೇಕು. ಅದರ ಮೇಲೆ ಸುಮಾರು ಒಂದು ಸೆಂಟಿಮೀಟರ್ ದಪ್ಪದ ಮೆದುವಾದ ಪದರ ಬರಬೇಕು. ಎರಡು ಫೋಮುಗಳನ್ನು ಜೋಡಿಸುವ ಅಂಟು ಒಣಗಿದಾಗ ಗಟ್ಟಿ ಗೆರೆಯಾಗುತ್ತದೆ, ಆ ಗೆರೆ ಮೂಳೆಯ ಕೆಳಗೆ ಬರಕೂಡದು. ಮುಂದಿನ ಇಳಿಜಾರನ್ನು ಸ್ವಲ್ಪ ಎತ್ತರಿಸಿ ಸಮ ಮಾಡಿಸಿ. ಹೊಸ ಸೀಟು ಮೊದಮೊದಲು ಗಟ್ಟಿಯೆನಿಸುವುದು ಸಹಜ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅದು ಹದಕ್ಕೆ ಬರುತ್ತದೆ, ಅಲ್ಲಿಯ ತನಕ ಕುಶನ್ನಿನವರ ಮೇಲೆ ಮುನಿಸಿಕೊಳ್ಳಬೇಡಿ.

ಇಷ್ಟೆಲ್ಲ ಖರ್ಚಿಗೆ ಇಳಿಯುವ ಮುನ್ನ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರುಗಳನ್ನು ನೋಡಿ. ನಿಮ್ಮ ಗಾಡಿಯಲ್ಲಿ ಸ್ಪ್ರಿಂಗಿನ ಬಿಗಿತಕ್ಕೆ ಆರು ಮೆಟ್ಟಿಲುಗಳಿವೆ. ಇಬ್ಬರು ಕೂರುವುದಕ್ಕೆಂದು ಬಿಗಿ ಮಾಡಿಸಿ ಹಾಗೆಯೇ ಬಿಟ್ಟಿದ್ದರೆ, ಒಬ್ಬರೇ ಹೋಗುವಾಗ ರಸ್ತೆಯ ಪ್ರತಿ ಉಬ್ಬೂ ನೇರವಾಗಿ ಬೆನ್ನುಮೂಳೆಗೆ ಬಡಿಯುತ್ತದೆ. ಟಯರಿಗೆ ಅಗತ್ಯಕ್ಕಿಂತ ಹೆಚ್ಚು ಗಾಳಿ ಹೊಡೆಸಿದ್ದರೂ ಹಾಗೆಯೇ. ಮಂಡ್ಯ–ಮೈಸೂರು ಓಡಾಡುವ ಬೈಕಿನವರಿಗೆ ಇದು ಇನ್ನಷ್ಟು ಮುಖ್ಯ: 2023ರ ಆಗಸ್ಟ್ 1ರಿಂದ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದ ಕಾರಣ ನಾವೆಲ್ಲ ಸರ್ವಿಸ್ ರಸ್ತೆಯವರು, ಹಂಪ್ಸು ಮತ್ತು ಗುಂಡಿಗಳು ನಮ್ಮ ಪಾಲಿನವು. ದಪ್ಪ ಹೊಲಿಗೆಯ ಜೀನ್ಸ್ ಪ್ಯಾಂಟು ಕೂಡ ನೋವಿಗೆ ಕಾರಣವಾಗುವುದುಂಟು. ಒಂದು ದಿನ ಸಾದಾ ಪ್ಯಾಂಟು ತೊಟ್ಟು ಹೋಗಿ ನೋಡಿ, ಅದಕ್ಕೆ ಖರ್ಚಿಲ್ಲ.

ಪ್ರಶ್ನೆ: ಮೈಸೂರಿನ ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ನನ್ನ ಎತ್ತರ 157 ಸೆಂ.ಮೀ. ಅಣ್ಣನ ಹಳೆಯ ಹಿಮಾಲಯನ್ 411 ಬೈಕು ಈಗ ನನ್ನದಾಗಿದೆ. ಸಿಗ್ನಲ್ಲಿನಲ್ಲಿ ನಿಲ್ಲಿಸಿದಾಗ ಹೆಬ್ಬೆರಳಷ್ಟೇ ನೆಲಕ್ಕೆ ತಾಗುತ್ತದೆ. ಫೋಮನ್ನು ಮೇಲಿಂದ ಎರಡು ಇಂಚು ಕೊಯ್ಸಿಬಿಡು ಎಂದು ಎಲ್ಲರೂ ಹೇಳುತ್ತಾರೆ. ಸರಿಯೇ?

ಉತ್ತರ: ಎರಡು ಇಂಚು ಕೊಯ್ಸಿದರೆ ಕಾಲು ನೆಲಕ್ಕೆ ತಾಗುತ್ತದೆ, ಆದರೆ ನೀವು ತಟ್ಟೆಯ ಮೇಲೆ ಕೂತಿರುತ್ತೀರಿ. ಆ ಗಾಡಿಯ ಸೀಟು 800 ಮಿ.ಮೀ. ಎತ್ತರದ್ದು, ಆದರೆ ಕಾಲು ತಲುಪುವುದು ಬಿಡುವುದು ಎತ್ತರದಷ್ಟೇ ಸೀಟಿನ ಮುಂಭಾಗದ ಅಗಲಕ್ಕೂ ಸೇರಿದ ವಿಷಯ. ಅಗಲ ಹೆಚ್ಚಿದ್ದರೆ ತೊಡೆಗಳು ಹೊರಕ್ಕೆ ಚಾಚಿಕೊಂಡು ಕಾಲಿನ ಉದ್ದವೇ ಕಡಿಮೆಯಾದಂತಾಗುತ್ತದೆ. ಆದ್ದರಿಂದ ಟ್ಯಾಂಕಿಗೆ ಹತ್ತಿರದ ಭಾಗದಲ್ಲಿ ಎರಡು ಪಕ್ಕದ ಅಂಚುಗಳನ್ನು ಸವರಿ ಕಿರಿದುಗೊಳಿಸಿ, ಹಿಂದೆ ಗುಬಟುಗಳು ಊರುವ ಕಡೆ ಅಗಲವನ್ನು ಹಾಗೆಯೇ ಉಳಿಸಲು ಹೇಳಿ. ಎತ್ತರವನ್ನೂ ಇಳಿಸಲೇಬೇಕೆಂದರೆ ಒಂದು ಇಂಚಿಗೆ ನಿಲ್ಲಿಸಿ, ತೆಗೆದ ಮೆದು ಫೋಮಿನ ಜಾಗದಲ್ಲಿ ತೆಳುವಾದರೂ ಗಟ್ಟಿಯಾದ ಫೋಮ್ ಹಾಕಿಸಿ. ಸೀಟು ಇಳಿದಷ್ಟೂ ಮಂಡಿ ಹೆಚ್ಚು ಮಡಚಿಕೊಳ್ಳುತ್ತದೆ ಎಂಬುದು ನೆನಪಿರಲಿ. ನಿಮ್ಮ ಎತ್ತರಕ್ಕೆ ಅದು ತೊಂದರೆಯಾಗಲಾರದು, ಆದರೆ ಅಣ್ಣ ಗಾಡಿಯನ್ನು ಮರಳಿ ಕೇಳಿದ ದಿನ ಗೊಣಗುತ್ತಾರೆ. ದಪ್ಪ ಅಟ್ಟೆಯ ಬೂಟು ಅರ್ಧ ಇಂಚಿಗೂ ಹೆಚ್ಚು ಕೊಡುತ್ತದೆ. ಸಸ್ಪೆನ್ಷನ್ನಿನ ಕೊಂಡಿಯನ್ನೇ ಬದಲಿಸಿ ಗಾಡಿಯನ್ನು ಇಳಿಸುವ ಸಲಹೆಯೂ ನಿಮಗೆ ಬಂದೀತು. ಅದರಿಂದ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರವಾಗುತ್ತದೆ, ತಿರುವಿನಲ್ಲಿ ನಡತೆಯೂ ಬದಲಾಗುತ್ತದೆ. ಸೀಟಿನಲ್ಲಿ ತೀರುವ ಕೆಲಸಕ್ಕೆ ಅದು ಬೇಡ.

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ. ನಮ್ಮ ಯಜಮಾನರು ಬೈಕಿಗೆ ನೋಡಲು ಅಂದವಾಗಿರುವ ಹೊಸ ಸೀಟು ಹಾಕಿಸಿದ್ದಾರೆ. ಅವರಿಗೆ ಹಿತವಾಗಿದೆಯಂತೆ. ಹಿಂದೆ ಕೂರುವ ನನಗೆ ಅಂಗೈ ಅಗಲದ ಜಾಗ ಉಳಿದಿದೆ, ಅದೂ ಹಿಂದಕ್ಕೆ ಇಳಿಜಾರು. ಹಿಡಿದುಕೊಳ್ಳಲು ಇದ್ದ ಕಂಬಿಯನ್ನೂ ಸೀರೆ ಗಾರ್ಡನ್ನೂ ಅಂದ ಕೆಡುತ್ತದೆಂದು ತೆಗೆಸಿದ್ದಾರೆ. ನಾನು ಸೀರೆಯುಟ್ಟು ಒಂದು ಕಡೆಗೆ ಕಾಲು ಹಾಕಿ ಕೂರುವವಳು. ನಾನೇ ಹೊಂದಿಕೊಳ್ಳಬೇಕೇ?

ಉತ್ತರ: ಬೇಡ. ನೀವು ಕೇಳುತ್ತಿರುವುದು ಹಿತವೊಂದನ್ನೇ ಅಲ್ಲ. ಹಿಂದೆ ಕೂರುವವರಿಗೆ ಚಾಲಕನ ಹಿಂದೆ ಭದ್ರವಾಗಿ ಬಿಗಿದ ಸರಿಯಾದ ಸೀಟು ಇರಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಮು ಹೇಳುತ್ತದೆ. ಹಿಡಿದುಕೊಳ್ಳಲು ಶಾಶ್ವತವಾದ ಹಿಡಿ, ಕಾಲಿಡಲು ಫುಟ್‌ರೆಸ್ಟ್, ಬಟ್ಟೆ ಚಕ್ರಕ್ಕೆ ಸಿಲುಕದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ರಕ್ಷಣೆ, ಈ ಮೂರೂ ಇರಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹೇಳುತ್ತದೆ. ಅಂದ ಕೆಡುತ್ತದೆಂದು ತೆಗೆಸಿದವುಗಳಲ್ಲಿ ಎರಡು ಈ ನಿಯಮದಲ್ಲೇ ಇವೆ. ಈ ಪುಟವನ್ನು ಮಡಿಚಿ ಊಟದ ಹೊತ್ತಿಗೆ ಅವರ ತಟ್ಟೆಯ ಪಕ್ಕದಲ್ಲಿಡಿ.

ಕಂಬಿ ಮತ್ತು ಗಾರ್ಡು ಮರಳಿ ಬಂದ ಮೇಲೆ ಸೀಟಿನ ಮಾತು. ಒಂದು ಪಕ್ಕಕ್ಕೆ ಕೂತಾಗ ಸೀಟಿನ ಅಂಚು ತೊಡೆಯ ಹಿಂಬದಿಯನ್ನು ಅಡ್ಡಲಾಗಿ ಕತ್ತರಿಸುವಂತೆ ಒತ್ತುವುದರಿಂದ, ಅಂಚುಗಳು ಚೂಪಾಗಿರದೆ ದುಂಡಗೆ ಇಳಿದಿರಬೇಕು. ನಿಮ್ಮ ಪಾಲಿನ ಜಾಗವು ಅಡ್ಡಕ್ಕೂ ಉದ್ದಕ್ಕೂ ಸಮತಟ್ಟಾಗಿರಬೇಕು. ನುಣುಪಾದ ರೆಕ್ಸಿನ್ನಿನ ಮೇಲೆ ರೇಷ್ಮೆ ಸೀರೆ ನಿಲ್ಲುವುದಿಲ್ಲ, ಮದುವೆ ಮನೆಗೆ ಹೊರಟವರಿಗೆಲ್ಲ ಇದು ಗೊತ್ತು. ಮೇಲ್ಮೈಯಲ್ಲಿ ಸಣ್ಣ ತರಿಯಿರುವ ರೆಕ್ಸಿನ್ ಕೇಳಿ ಹಾಕಿಸಿ. ಹೊಲಿಗೆಯ ಉಬ್ಬುಗಳು ನಿಮ್ಮ ಜಾಗದಲ್ಲಿ ಬಾರದಿರಲಿ. ಹಿಂಬದಿಯ ಸೀಟು ಚಾಲಕನ ಸೀಟಿಗಿಂತ ಬಹಳ ಎತ್ತರವಾಗಿದ್ದರೆ ಬ್ರೇಕ್ ಹಾಕಿದಾಗ ಪೂರ್ತಿ ಭಾರ ಅವರ ಬೆನ್ನಿಗೆ ಬೀಳುತ್ತದೆ. ಅಂಥ ಸೀಟು ಅವರಿಗೂ ಹಿತವಲ್ಲ ಎಂಬುದನ್ನು ದೂರದ ಪ್ರಯಾಣದ ಮೇಲೆ ಅವರೇ ಹೇಳುತ್ತಾರೆ. ಸಾಧ್ಯವಾದಾಗ ಎರಡು ಕಡೆ ಕಾಲು ಹಾಕಿ ಕೂರುವುದೇ ಹೆಚ್ಚು ಸುರಕ್ಷಿತ ಎಂದು ನಾನು ಸೇರಿಸಲೇಬೇಕು. ಹೆಲ್ಮೆಟ್ಟಂತೂ ಇಬ್ಬರಿಗೂ ಬೇಕು.

ಪ್ರಶ್ನೆ: ಅಪ್ಪನ ಕಾಲದ ಯೆಜ್ಡಿ ರೋಡ್‌ಕಿಂಗ್ ಅನ್ನು ಮತ್ತೆ ಓಡುವಂತೆ ಮಾಡುತ್ತಿದ್ದೇನೆ. ಸೀಟಿನ ಸ್ಪಂಜು ಪುಡಿಯಾಗಿ ಉದುರುತ್ತಿದೆ, ಕೆಳಗಿನ ತಗಡು ತುಕ್ಕು ಹಿಡಿದಿದೆ. ಇದನ್ನು ಬಿಸುಟು ಈಗಿನ ಯಾವುದಾದರೂ ಸೀಟು ಹಾಕಿಸಲೇ? (ಯಾದವಗಿರಿ, ಮೈಸೂರು)

ಉತ್ತರ: ಯಾದವಗಿರಿಯಿಂದಲೇ ಈ ಪ್ರಶ್ನೆ ಬಂದುದು ನೋಡಿ ಸಂತೋಷವೂ ಆಯಿತು, ಸ್ವಲ್ಪ ಬೇಸರವೂ ಆಯಿತು. 1961ರಲ್ಲಿ ಜಯಚಾಮರಾಜೇಂದ್ರ ಒಡೆಯರ್ ಅವರಿಂದ ಉದ್ಘಾಟನೆಗೊಂಡು 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ ನಿಮ್ಮ ಬಡಾವಣೆಯಲ್ಲೇ ಇತ್ತು, ನಿಮ್ಮ ಗಾಡಿ ಹುಟ್ಟಿದ್ದೂ ಅಲ್ಲಿಯೇ. ಆ ಗಾಡಿಯ ಉದ್ದನೆಯ, ಚಪ್ಪಟೆಯಾದ ಸೀಟನ್ನು ಬಿಸುಡಬೇಡಿ. ಮೇಲೆ ನಾನು ಮಂಡ್ಯದವರಿಗೆ ಹೇಳಿದ, ಹಿಂದೆ ಮುಂದೆ ಸರಿದಾಡಲು ಬಿಡುವ ಸಮತಟ್ಟು ಸೀಟು ಎಂದರೆ ಅದೇ. ಹೊಸ ಗಾಡಿಗಳವರು ದುಡ್ಡು ಕೊಟ್ಟು ಮಾಡಿಸಿಕೊಳ್ಳುವುದು ನಿಮ್ಮಲ್ಲಿ ಆಗಲೇ ಇದೆ.

ತಗಡನ್ನು ಮೊದಲು ಸರಿಪಡಿಸಿ. ತುಕ್ಕನ್ನು ಉಜ್ಜಿ ತೆಗೆದು ನೋಡಿದಾಗ ತೂತುಗಳು ಕಂಡರೆ ಹೊಸ ತಗಡಿನ ತೇಪೆಯನ್ನು ವೆಲ್ಡ್ ಮಾಡಿಸಿ, ಪ್ರೈಮರ್ ಮತ್ತು ಬಣ್ಣ ಹೊಡೆಸಿ, ನೀರು ನಿಲ್ಲದಂತೆ ತಳದಲ್ಲಿ ಒಂದೆರಡು ಸಣ್ಣ ರಂಧ್ರಗಳನ್ನು ಬಿಡಿಸಿ. ಕೊಂಡಿ ಮತ್ತು ಬೀಗದ ಜಾಗ ಭದ್ರವಾಗಿದೆಯೇ ಎಂದು ಫೋಮ್ ಹಾಕುವ ಮೊದಲೇ ಗಾಡಿಯ ಮೇಲೆ ಕೂರಿಸಿ ಪರೀಕ್ಷಿಸಿ, ಆಮೇಲೆ ಸರಿಪಡಿಸಲು ಹೋದರೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಫೋಮಿನ ಕ್ರಮ ಮೇಲೆ ಹೇಳಿದ್ದೇ. ಹಳೆಯ ಕವರನ್ನು ಹರಿದುಹೋಗಿದೆಯೆಂದು ಎಸೆಯಬೇಡಿ, ಹೊಸದನ್ನು ಕತ್ತರಿಸಲು ಅದೇ ಅಳತೆ.

ಪ್ರಶ್ನೆ: ಮಳೆಗಾಲದಲ್ಲಿ ಸೀಟು ಮೇಲೆ ಒಣಗಿದ್ದರೂ ಕೂತ ಕೂಡಲೇ ಪ್ಯಾಂಟು ಒದ್ದೆಯಾಗುತ್ತದೆ. ಹೋದ ವರ್ಷವಷ್ಟೇ ಚೌಕುಳಿ ಹೊಲಿಗೆಯ ಹೊಸ ಕವರು ಹಾಕಿಸಿದ್ದೆ. (ಮದ್ದೂರು)

ಉತ್ತರ: ಕಾರಣ ಆ ಚೌಕುಳಿ ಹೊಲಿಗೆಯೇ. ರೆಕ್ಸಿನ್ ನೀರು ಬಿಡುವುದಿಲ್ಲ, ಆದರೆ ಪ್ರತಿ ಹೊಲಿಗೆಯೂ ಸೂಜಿಯ ತೂತುಗಳ ಸಾಲು, ಚೌಕುಳಿ ಎಂದರೆ ಅಂಥ ನೂರಾರು ತೂತುಗಳು. ಅವುಗಳಿಂದ ಒಳಗೆ ಇಳಿದ ನೀರನ್ನು ಫೋಮ್ ಹೀರಿಕೊಂಡು, ನೀವು ಕೂತಾಗ ಹಿಂಡಿದಂತೆ ಹೊರಗೆ ಬಿಡುತ್ತದೆ. ಕವರನ್ನು ಬಿಚ್ಚಿಸಿ, ಫೋಮನ್ನು ನೆರಳಿನ ಗಾಳಿಯಲ್ಲಿ ಎರಡು ಮೂರು ದಿನ ಪೂರ್ತಿ ಒಣಗಿಸಿ. ಆಮೇಲೆ ಅದರ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಕೂರುವ ಜಾಗದಲ್ಲಿ ಹೊಲಿಗೆಯೇ ಇಲ್ಲದ ಒಂದೇ ತುಂಡಿನ ಕವರು ಬಿಗಿಸಿ. ಪಿನ್ ಹೊಡೆಯುವಾಗ ಉದ್ದದ ಪಿನ್ನು ಬಳಸಿದರೆ ಅದು ಪ್ಲಾಸ್ಟಿಕ್ ತಟ್ಟೆಯನ್ನು ತೂರಿ ಹೊರಬರುತ್ತದೆ. ಕೆಲಸದವರ ಪಕ್ಕದಲ್ಲೇ ನಿಂತು ಅದೊಂದನ್ನು ನೋಡಿಕೊಳ್ಳಿ.